ಹಗ್ಗ ಎತ್ತಿದ ಕೈ

ದುಬೈಯ ಒಂದು ಮಾಲ್‌ನೊಳಗೆ ಹಿಮದ ಅಂಗಳವಿತ್ತು. ಹೊರಗೆ ಮೈ ಸುಡುವ ಬಿಸಿಲು, ಒಳಗೆ ಹಲ್ಲು ಕಟಕಟ ಎನ್ನುವ ಚಳಿ. ಕಾರ್ಕಳದ ಗುಣಪಾಲನಿಗೆ ಅಲ್ಲಿ ಒಂಬತ್ತು ವರ್ಷ ಒಂದೇ ಕೆಲಸ, ಹಗ್ಗ ಕಾಯುವುದು. ಹಗ್ಗದ ಆಚೆ ಸ್ಕೀ ಜಾರುವವರ ಜಾಡು; ಈಚೆ, ಬೂಟಿನಡಿಗೆ ಅಗಲದ ಹಲಗೆ ಕಟ್ಟಿಕೊಂಡು ಹಿಮದಲ್ಲಿ ನಡೆಯುವವರ ಜಾಡು. ಇವರು ಅವರ ಜಾಡನ್ನು ತುಳಿಯಬಾರದು. ಬಿದ್ದವರು ಬೇಗ ಎದ್ದು ಬದಿಗೆ ಸರಿಯಬೇಕು. ದಿಬ್ಬದ ಕೆಳಗಂತೂ ಯಾರೂ ನಿಲ್ಲಲೇಬಾರದು, ಮೇಲಿನಿಂದ ಬರುವವರಿಗೆ ಅಲ್ಲಿ ನಿಂತವರು ಕಾಣುವುದಿಲ್ಲ.

ಈ ವಿಷಯದಲ್ಲಿ ಗುಣಪಾಲ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಸೆಲ್ಫಿಗೆಂದು ಹಗ್ಗ ನುಸುಳಿದವರು ಯಾರ ಮಕ್ಕಳೇ ಆಗಿರಲಿ, ಸೀಟಿ ಊದಿ ಹೊರಗೆ ಹಾಕುತ್ತಿದ್ದ. ಕರಾಮ ಬಡಾವಣೆಯ ತನ್ನ ರೂಮಿನಲ್ಲಿ ಊರವರ ಮುಂದೆ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಮಾತು ಅವನಿಗೆ ಅಂಟಿಕೊಂಡದ್ದು 2016ರ ಡಿಸೆಂಬರಿನಲ್ಲಿ.

ಆಗ ಅವನ ಅಕ್ಕ ಅಮ್ಮಣ್ಣಿ ವಿಸಿಟ್ ವೀಸಾದಲ್ಲಿ ಬಂದಿದ್ದಳು. ತಾಯಿ ಸತ್ತ ಮೇಲೆ ಬೀಡಿ ಕಟ್ಟಿ ಇವನನ್ನು ಸಾಕಿದವಳು ಅವಳೇ. ಸೀರೆಯ ಮೇಲೆ ಬಾಡಿಗೆಯ ಕೋಟು ತೊಟ್ಟು, ಹಿಮ ನೋಡಿದ್ದೇ ಕೈ ಮುಗಿದಳು.

“ಇದು ಈಶ್ವರ ದೇವರಿರುವ ಜಾಗದ್ದಲ್ವಾ ಗುಣಪಾಲ?”

“ಮಷೀನಿನದ್ದು ಅಕ್ಕ.”

“ಮಷೀನಿನದ್ದಾದ್ರೆ ಏನಾಯ್ತು, ಹಿಮ ಹಿಮವೇ. ಒಂದು ಚೂರು ತಲೆಗೆ ಹಾಕ್ಕೊಳ್ತೇನೆ. ಆದ್ರೆ ಇಲ್ಲಿದ್ದೆಲ್ಲ ಬೂಟಲ್ಲಿ ಮೆಟ್ಟಿ ಆಗಿದೆ ಮಾರಾಯ. ಅಲ್ಲಿ ನೋಡು, ಯಾರೂ ಮೆಟ್ಟದ್ದು.”

ಅವಳು ತೋರಿಸಿದ್ದು ದಿಬ್ಬದ ಕೆಳಗಿನ ಸ್ಕೀ ಜಾಡನ್ನು. ಗುಣಪಾಲ ಮೇಲೆ ನೋಡಿದ, ಯಾರೂ ಕಾಣಲಿಲ್ಲ. “ಬೇಗ ಬಾ ಅಕ್ಕ” ಎಂದು ಹಗ್ಗ ಎತ್ತಿದ. ದೇವರ ಕೆಲಸದಲ್ಲಿ ಅವಳಿಗೆ ಬೇಗ ಎಂಬುದು ಗೊತ್ತಿಲ್ಲ. ಬಗ್ಗಿ ಹಣೆ ಮುಟ್ಟಿಸಿ, ಊರಲ್ಲಿರುವ ಒಬ್ಬೊಬ್ಬರ ಹೆಸರು ಹೇಳಿ ಬೇಡಿಕೊಳ್ಳತೊಡಗಿದಳು. ಅಷ್ಟರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ದಿಬ್ಬ ಹಾರಿ ಬಂದಳು. ಎದುರು ಮನುಷ್ಯರನ್ನು ಕಂಡವಳೇ ಪಕ್ಕಕ್ಕೆ ತಿರುಗಿ ಮಗುಚಿ ಬಿದ್ದಳು. ಕೈ ಮುರಿಯಿತು.

ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದ ಮ್ಯಾನೇಜರ್ ಓಡಿ ಬಂದ. ಈ ಹೆಂಗಸನ್ನು ಜಾಡಿನೊಳಗೆ ಬಿಟ್ಟವರು ಯಾರು ಎಂದು ಕೇಳಿದ. ಕೆಲಸ, ವೀಸಾ ಎಲ್ಲವೂ ಗುಣಪಾಲನ ಕಣ್ಣ ಮುಂದೆ ಬಂದವು.

ತಾನಲ್ಲ, ಅವಳೇ ನುಗ್ಗಿದ್ದು, ಯಾರೆಂದು ತನಗೆ ಗೊತ್ತೇ ಇಲ್ಲ ಎಂದ. ಅಷ್ಟು ಸಲೀಸಾದ ಇಂಗ್ಲಿಷ್ ಅವನ ಬಾಯಲ್ಲಿ ಅದುವರೆಗೆ ಬಂದಿರಲಿಲ್ಲ. ಅಮ್ಮಣ್ಣಿ ಮ್ಯಾನೇಜರನಿಗೆ ಕೈ ಮುಗಿದಳು. ತನ್ನ ಪರವಾಗಿ ತಮ್ಮ ಮಾತಾಡುತ್ತಿದ್ದಾನೆಂದು ತಿಳಿದಿದ್ದಾಳೆ, ಪಾಪ, ಎಂದುಕೊಂಡ ಗುಣಪಾಲ. ಇಬ್ಬರು ಸೆಕ್ಯೂರಿಟಿಯವರು ಅವಳನ್ನು ಹೊರಗೆ ಕರೆದುಕೊಂಡು ಹೋಗುವಾಗ ಈ ಮಹಾನುಭಾವ ಸೀಟಿ ಊದಿ ಜನ ಚದುರಿಸುತ್ತಿದ್ದ.

ಡ್ಯೂಟಿ ಮುಗಿಸಿ ಬಂದರೆ ಅವಳು ಮೆಟ್ರೋ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದಳು. ಹುಡುಗಿಯ ತಂದೆ ರಿಯಾಝ್ ಬಂಟ್ವಾಳದ ಬ್ಯಾರಿ. ಮಗಳನ್ನು ಆಸ್ಪತ್ರೆಗೆ ಒಯ್ಯುವ ಮೊದಲು ಹೊರಗೆ ತುಳುವಿನಲ್ಲೇ ಇವಳನ್ನು ಮಾತಾಡಿಸಿದ್ದ. ಮನೆ ಕರಾಮದಲ್ಲೇ ಎಂಬುದನ್ನೂ ಇವಳು ಕೇಳಿ ತಿಳಿದುಕೊಂಡಿದ್ದಳು.

“ನಾಳೆ ಹೋಗಿ ನೋಡಿ ಬರುವ. ಮಗುವಿಗೆ ನೋವು ಮಾಡಿ ಸುಮ್ನೆ ಕೂತ್ಕೊಳ್ಳುದುಂಟಾ?”

ರಾತ್ರಿಯಿಡೀ ಅವನಿಗೆ ನಾಚಿಕೆ. ಮರುದಿನ ಕಿತ್ತಳೆ ಹಿಡಿದು ಹೋದರು. ರಿಯಾಝ್ ಬಾಗಿಲು ತೆರೆದ ಕೂಡಲೇ, ಧೈರ್ಯ ಆರುವ ಮೊದಲು, ಗುಣಪಾಲ ಹೇಳಿಬಿಟ್ಟ: “ಇವರು ನನ್ನ ಅಕ್ಕ. ಹಗ್ಗ ಎತ್ತಿದ್ದು ನಾನೇ. ಮ್ಯಾನೇಜರಿಗೂ ಹೇಳ್ತೇನೆ.” ಹಾಗೆಯೇ ಮ್ಯಾನೇಜರಿಗೂ ಹೇಳಿದ, ಆ ವಾರವೇ ಕೆಲಸ ಹೋಯಿತು. ಈಗ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿದ್ದಾನೆ. ಅದಕ್ಕೆ ಅವನಿಗೆ ಬೇಸರವಿಲ್ಲ. ಇವತ್ತಿಗೂ ಚುಚ್ಚುವುದು ಆಮೇಲೆ ಆ ಮನೆಯಲ್ಲಿ ನಡೆದದ್ದು.

ರಿಯಾಝ್ ಬಾಗಿಲು ಪೂರ್ತಿ ತೆರೆದು, “ಕೂತ್ಕೊಳ್ಳಿ. ಮೂಳೆ ಕೂಡ್ತದೆ, ಮಕ್ಕಳಲ್ವಾ” ಎಂದ. ಆದರೆ ಸೋಫಾದಲ್ಲಿ ಪ್ಲಾಸ್ಟರಿನ ಕೈ ಇಟ್ಟುಕೊಂಡು ಕೂತಿದ್ದ ಅವನ ಮಗಳು ಹಸೀನ ಗುಣಪಾಲನನ್ನೇ ನೋಡಿ ಕೇಳಿದಳು:

“ಬಟ್ ಅಂಕಲ್, ಯು ಸೆಡ್ ಯು ಡೋಂಟ್ ನೋ ಹರ್!”

“ಮಗು ಏನು ಹೇಳಿದ್ದು?” ಎಂದಳು ಕಿತ್ತಳೆ ಸುಲಿಯುತ್ತಿದ್ದ ಅಮ್ಮಣ್ಣಿ.

“ಏನಿಲ್ಲಕ್ಕ, ಕೈ ನೋವಂತೆ” ಎಂದು ರಿಯಾಝ್ ಮಾತು ಮುಚ್ಚಲು ನೋಡಿದ. ಆ ದೊಡ್ಡ ಮನುಷ್ಯನಿಂದಲೂ ಸುಳ್ಳು ಹೇಳಿಸಿದೆನಲ್ಲ ಎಂದು ಗುಣಪಾಲ ಕುಗ್ಗಿಹೋದ.

“ಅದಲ್ಲ ಅಕ್ಕ. ನೀನು ಯಾರಂತ ಗೊತ್ತಿಲ್ಲ ಅಂತ ನಿನ್ನೆ ನಾನು ಹೇಳಿದ್ದೆ.”

ಅಮ್ಮಣ್ಣಿ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅದು ಅಲ್ಲೇ ಗೊತ್ತಾಗಿತ್ತು. ನೀನು ನನ್ನ ಮುಖವೇ ನೋಡ್ಲಿಲ್ಲಲ್ಲ. ನಿನ್ನ ಕೆಲಸ ಉಳೀಲಿ ಅಂತ ನಾನೂ ಗುರ್ತ ಇಲ್ಲದವಳ ಹಾಗೆ ಕೈ ಮುಗಿದೆ.”

ಹಾಗೆಂದು ಒಂದು ತೊಳೆ ಬಿಡಿಸಿ ಹಸೀನಳ ಬಾಯಿಗಿಟ್ಟಳು.