ಮಂಜಿ ತಡೆದ ಚೆಂಡು

ಬೈತಖೋಲದ ಮೀನು ಬಂದರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೋಟುಗಳಿಂದ ಇಳಿದ ಸಿಗಡಿಯ ರಾಶಿಯ ಮುಂದೆ ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಗೋಡೆಯ ಬದಿಗೆ ಕೂತ ಮಂಜಿ ಸಿಗಡಿಯ ತಲೆ ಮುರಿದು, ಸಿಪ್ಪೆ ಸುಲಿದು, ಬುಟ್ಟಿಗೆ ಹಾಕುತ್ತಾಳೆ. ಐಸ್ ನೀರಿಗೆ ಬೆರಳ ತುದಿಯ ಚರ್ಮ ಎದ್ದಿದೆ; ಹಳೆ ಸೀರೆಯ ಚಿಂದಿ ಸುತ್ತಿಕೊಂಡಿದ್ದಾಳೆ. ತುಂಬಿದ ಬುಟ್ಟಿಯನ್ನು ಪಕ್ಕದಲ್ಲೇ ಸುಲಿಯುತ್ತಿರುವ ಅಕ್ಕ ಕಾಶಿ ಎತ್ತಿಕೊಂಡು ಹೋಗುತ್ತಾಳೆ. ಮಂಜಿಗೆ ಕಣ್ಣು ಕಾಣುವುದಿಲ್ಲ. ಅವಳ ಕತೆ ಬರೆದುಕೊಳ್ಳಲು ಬಂದ ನಾನು ಎದುರಿಗೆ ಕೂತಿದ್ದೇನೆ.

ನಾಲ್ಕು ವರ್ಷದ ಹಿಂದೆ, 2005ರಲ್ಲಿ, ಇದೇ ಮಂಜಿ ಅಂಧ ಮಹಿಳೆಯರ ಗೋಲ್‌ಬಾಲ್ ರಾಷ್ಟ್ರೀಯ ತಂಡದಲ್ಲಿದ್ದಳು. ಅಂಧರ ಶಾಲೆಯಲ್ಲಿ ಕಲಿತ ಆಟ. ಒಳಗೆ ಗೆಜ್ಜೆಯಿರುವ ಭಾರದ ಚೆಂಡನ್ನು ಎದುರಾಳಿಗಳು ಉರುಳಿಸಿ ಎಸೆಯುತ್ತಾರೆ. ಸದ್ದು ಕೇಳಿ, ಮೈಯನ್ನೇ ಅಡ್ಡ ಚೆಲ್ಲಿ ತಡೆಯಬೇಕು. ಅರೆಬರೆ ಕಾಣುವವರಿಗೆ ಲಾಭವಾಗಬಾರದೆಂದು ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ.

ಆಗ ಅವಳ ಎಡಗಣ್ಣು ಅಷ್ಟಿಷ್ಟು ಕಾಣುತ್ತಿತ್ತು. ಅಂಕೋಲೆ ಹತ್ತಿರದ ಊರಿನಲ್ಲಿ ಗದ್ದೆ ನಾಟಿಗೆ ಇಳಿಯುವಷ್ಟು. ಪೆಟ್ಟು ಬಿದ್ದರೆ ಅದೂ ಹೋದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಕೋಚ್‌ಗೆ ಅವಳು ತಿಳಿಸಲಿಲ್ಲ.

"ಹೇಳಿದ್ರೆ ತೆಗೀತಿದ್ರು ಅಕ್ಕೋರೆ. ಊರಲ್ಲಿ ನಂಗೆ ಕುರುಡಿ ಹೇಳೇ ಕರೆಯೂದು. ಅಲ್ಲಿ ಮಂಜಿ ಹೇಳಿ ಕರೀತಿದ್ರು."

ಆ ವರ್ಷ ವಿದೇಶದ ಟೂರ್ನಿಯೊಂದರಲ್ಲಿ ತಂಡ ಸೋಲುತ್ತಲೇ ಹೋಯಿತು. ಕೊನೆಯ ಪಂದ್ಯದಲ್ಲಿ ಮಾತ್ರ ಒಂದು ಗೋಲು ಮುಂದಿತ್ತು. ಮುಗಿಯುವ ಹೊತ್ತಿಗೆ ಬಂದ ಚೆಂಡಿಗೆ ಮಂಜಿ ಅಡ್ಡ ಬಿದ್ದಳು. ಕಣ್ಣಿನ ಮೇಲೇ ಬಡಿಯಿತು. ಗೋಲಾಗಲಿಲ್ಲ. ಪಟ್ಟಿಯ ಕತ್ತಲಲ್ಲೇ ಎದ್ದು ಆಟ ಮುಗಿಸಿದಳು. ಗೆದ್ದ ಹುಡುಗಿಯರು ಪಟ್ಟಿ ಕಿತ್ತು ಅಪ್ಪಿಕೊಂಡು ಕೂಗುತ್ತಿದ್ದರು. ಮಂಜಿಯೂ ತೆಗೆದಳು.

"ಕರೆಂಟ್ ಹೋಯ್ತಾ ಹೇಳಿ ಕೇಳ್ದೆ."

ಆಪರೇಶನ್ ಫಲಿಸಲಿಲ್ಲ. ವಿಷಯ ಮುಚ್ಚಿಟ್ಟವಳೆಂದು ಸಂಘಟಕರು ಕೈತೊಳೆದುಕೊಂಡರು. ಗದ್ದೆ ಕೆಲಸ ಆಗದಾಯಿತು. ಅಕ್ಕನೊಂದಿಗೆ ಈ ಬಂದರಿನ ಹತ್ತಿರದ ಬಿಣಗಾದಲ್ಲಿ ಬಾಡಿಗೆ ಕೋಣೆ ಸೇರಿದಳು. ಮುಂದಿನ ಶಿಬಿರಕ್ಕೆ ಕರೆ ಬರಲೇ ಇಲ್ಲ.

"ಪಟ್ಟಿ ಕಟ್ಟಿದ್ಮೇಲೆ ಎಲ್ರಿಗೂ ಕತ್ಲೆಯೇ ಅಲ್ವಾ? ನಂಗೆ ಈಗ್ಲೂ ಆಡೂಕೆ ಆಗ್ತದೆ. ಒಂದ್ಸಲ ಕರೆದು ನೋಡ್ಲಿ."

ಕಾಶಿಯ ಕೈ ನಿಲ್ಲುತ್ತದೆ. "ಆಟದ ಸುದ್ದಿ ತೆಗೀಬೇಡ ಹೇಳಿ ಎಷ್ಟು ಸಲ ಹೇಳೂದೆ? ನನ್ನ ಮಗಳು ಇಷ್ಟುದ್ದ ಆದ್ಳು. ಅವಳ ಮುಖ ನೋಡಿದ್ಯಾ ನೀನು?"

ಮಂಜಿ ತಲೆ ತಗ್ಗಿಸಿ ಸುಲಿಯುತ್ತಾಳೆ. ಹೀಗಾಗುತ್ತದೆಂದು ಗೊತ್ತಿದ್ದರೆ ಅಂದು ಪಕ್ಕಕ್ಕೆ ಸರಿಯುತ್ತಿದ್ದಿರಾ ಎಂದು ಕೇಳುತ್ತೇನೆ. ಅಕ್ಕ ಬುಟ್ಟಿ ಎತ್ತಿಕೊಂಡು ದೂರ ಹೋಗುವವರೆಗೂ ಅವಳು ಕಾಯುತ್ತಾಳೆ.

"ಇಲ್ಲ," ಎನ್ನುತ್ತಾಳೆ ಮೆಲ್ಲಗೆ. "ಅದು ನನ್ನ ಬದಿಗೆ ಬಂದ ಚೆಂಡು."