ಅವಳು ಹಾಗೆ ಹೇಳಲಿಲ್ಲ

ಕೋರ್ಟಿನಲ್ಲಿ ಅವಳನ್ನು ಎಲ್ಲರೂ ಕೈಮಾತಿನಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳದ ಮನೆ. ನಾಲಿಗೆ ಹೊರಳುವ ಮೊದಲೇ ಅವಳ ಕೈ ಹೊರಳಿತ್ತು. ಏಳನೇ ವಯಸ್ಸಿಗೇ ಡಾಕ್ಟರು ಹೇಳಿದ್ದು, ಅಂಗಡಿಯವನು ಹೇಳಿದ್ದು ಎಲ್ಲವನ್ನೂ ಅಪ್ಪನಿಗೆ ಸನ್ನೆಯಲ್ಲಿ ತಿಳಿಸುತ್ತಿದ್ದಳು. ಮನೆ ಮಾಲೀಕ ಬೈದರೆ ಬೈಗುಳವನ್ನೂ ಬಿಡುತ್ತಿರಲಿಲ್ಲ. “ಅದನ್ನೆಲ್ಲ ಯಾಕೆ ಹೇಳ್ತೀಯೇ?” ಎಂದು ಸೋದರತ್ತೆ ಗದರಿದರೆ, “ಬೈಸಿಕೊಂಡೋರು ಅಪ್ಪ ಅಲ್ವಾ? ಅವರಿಗೇ ಗೊತ್ತಾಗಬೇಡ್ವಾ?” ಎನ್ನುತ್ತಿದ್ದಳು.

ಇಪ್ಪತ್ತೆರಡು ವರ್ಷ ಕೋರ್ಟಿನಲ್ಲಿ ಸನ್ನೆ ಭಾಷೆಯ ದುಭಾಷಿಯಾಗಿದ್ದಳು. ಆಮೇಲೆ ಮಿತವ್ಯಯದ ಆದೇಶ ಬಂತು. ಕಚೇರಿಯ ಮೇಲ್ವಿಚಾರಕ ಕರೆಸಿ ಹೇಳಿದ: “ನಿಮ್ಮ ಹುದ್ದೆ ರದ್ದಾಗಿದೆ, ಅಕ್ಕ. ವರ್ಷಕ್ಕೆ ಎಷ್ಟು ಜನ ಕಿವುಡರು ಬರ್ತಾರೆ ಹೇಳಿ? ಬಂದೋರು ಮನೆಯವರನ್ನ ಕರ್ಕೊಂಡು ಬರಲಿ.”

“ಮನೆಯವರ ಮೇಲೇ ದೂರು ಕೊಡೋಕೆ ಬಂದಿದ್ರೆ?”

ಅವನು ಫೈಲುಗಳ ಅಂಚು ಸರಿ ಮಾಡಿದ. “ಆದೇಶದಲ್ಲಿ ಅದೆಲ್ಲ ಬರೆದಿಲ್ಲ.”

ಅವಳು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಕೆಲವು ತಿಂಗಳ ನಂತರ, ಕಿವಿ ಕೇಳದ ದರ್ಜಿ ಹೆಂಗಸೊಬ್ಬಳು ನೋಟೀಸು ಹಿಡಿದು ಅಂಗಡಿಗೆ ಬಂದಳು. ತಾಯಿ ಅವಳಿಗೆ ಬಿಟ್ಟುಹೋದ ಎರಡು ಕೋಣೆಗಳು ತನ್ನವೆಂದು ಅಣ್ಣ ಕೋರ್ಟಿಗೆ ಹೋಗಿದ್ದ. ಜೊತೆಗೆ ಬಾ ಎಂದು ಅವಳು ಕೈಯಲ್ಲೇ ಬೇಡಿಕೊಂಡಳು. ಕೈಮಾತಿನಕ್ಕ ರಜೆ ಹಾಕಿ ಹೋದಳು.

ಆದರೆ ಅವಳನ್ನು ಕಟಕಟೆಯ ಹತ್ತಿರ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಆದೇಶದ ಪ್ರಕಾರ ಮನೆಯವರೇ ಆಗಬೇಕಂತೆ! ಅಣ್ಣನ ಹೆಂಡತಿ ಮುಂದೆ ಬಂದಳು. “ನಾನೇ ಹೇಳ್ತೀನಿ ಸ್ವಾಮಿ. ನಮ್ಮ ಮನೆ ಸನ್ನೆ ನನಗಲ್ದೆ ಇನ್ಯಾರಿಗೆ ಗೊತ್ತು?” ಮೇಜಿನ ತುಂಬ ಫೈಲು ಹೇರಿಕೊಂಡಿದ್ದ ನ್ಯಾಯಾಧೀಶರು ಹೂಂ ಅಂದುಬಿಟ್ಟರು.

ದರ್ಜಿಯ ಕೈಗಳು ತುಂಬ ಹೊತ್ತು ಮಾತಾಡಿದವು. ಅಮ್ಮನನ್ನು ನಾಲ್ಕು ವರ್ಷ ನಾನೇ ನೋಡಿಕೊಂಡೆ. ನನ್ನ ಹೊಲಿಗೆ ಯಂತ್ರ ಅಲ್ಲಿದೆ. ಅಡುಗೆಮನೆಗೆ ಇವರು ಬೀಗ ಹಾಕಿದ್ದಾರೆ. ನಾನೆಲ್ಲಿಗೆ ಹೋಗಲಿ?

“ಮನೆ ಅಣ್ಣನಿಗೇ ಇರಲಿ, ನನಗೇನೂ ಬೇಡ ಅಂತಿದ್ದಾಳೆ ಸ್ವಾಮಿ,” ಎಂದಳು ಅತ್ತಿಗೆ.

ಗುಮಾಸ್ತ ಟೈಪು ಮಾಡಿದ. ಎಲ್ಲರ ಮುಖ ಸಡಿಲವಾದದ್ದನ್ನು ಕಂಡು, ತನ್ನ ಮಾತು ಮುಟ್ಟಿತೆಂದು ನಂಬಿ ದರ್ಜಿ ನಕ್ಕಳು. ಆ ನಗು ನೋಡಿ ಕೈಮಾತಿನಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ಅವಳು ಹಾಗೆ ಹೇಳಲಿಲ್ಲ!”

“ಕೂತ್ಕೊಳ್ಳಿ! ನಿಮ್ಮನ್ನ ಕೆಲಸದಿಂದ ತೆಗೆದಾಗಿದೆ ಅಲ್ವಾ?” ಎಂದರು ನ್ಯಾಯಾಧೀಶರು.

“ತೆಗೆದಿದ್ದು ನನ್ನನ್ನ, ಸ್ವಾಮಿ. ಅವಳ ಬಾಯಿ ಯಾಕೆ ಮುಚ್ಚಿದ್ರಿ? ನಿಮಗೇ ಕಿವಿ ಕೇಳದೆ ಹೋಗಿ, ನಿಮ್ಮ ಪರವಾಗಿ ಎದುರಾಳಿಯ ಹೆಂಡತಿ ಮಾತಾಡಿದ್ರೆ ಒಪ್ತೀರಾ?”

ಪೊಲೀಸಿನವಳು ಓಡಿ ಬಂದು ತೋಳು ಹಿಡಿಯುವಷ್ಟರಲ್ಲಿ, ಕೈಮಾತಿನಕ್ಕನ ಕೈಗಳು ನಡೆದ ಮೋಸವನ್ನೆಲ್ಲ ದರ್ಜಿಗೆ ಹೇಳಿ ಮುಗಿಸಿದ್ದವು. ದರ್ಜಿ ಎರಡೂ ಅಂಗೈಯಿಂದ ಕಟಕಟೆಯನ್ನು ಬಡಿದಳು. ಪಕ್ಕದ ಕೋರ್ಟ್ ಹಾಲ್‌ನಿಂದ ಜನ ಇಣುಕಿದರು. ನ್ಯಾಯಾಧೀಶರು ಕನ್ನಡಕ ತೆಗೆದು, ದರ್ಜಿಗೆ ಕಾಗದ ಪೆನ್ನು ಕೊಡಿಸಿದರು. ಮೂರೇ ವರ್ಷ ಶಾಲೆ ಕಂಡಿದ್ದ ಅವಳು ಸೊಟ್ಟ ಅಕ್ಷರದಲ್ಲಿ ಬರೆದಳು: “ನನ್ನ ಮನೆ. ಕೊಡಲ್ಲ.”

ಟೈಪಾದ ಹಾಳೆಯನ್ನು ಹೊಡೆದುಹಾಕಿ ಕೇಸು ಮುಂದಕ್ಕೆ ಹಾಕಿದರು.

ಮೆಟ್ಟಿಲಿನ ಹತ್ತಿರ ಮೇಲ್ವಿಚಾರಕ ಹಲ್ಲು ಕಿರಿಯುತ್ತ ಬಂದ. “ಬಿಡುವಾದಾಗ ಹೀಗೇ ಬರ್ತಿರಿ ಅಕ್ಕ, ಸಮಾಜಸೇವೆ ಅಂತ. ಎಲ್ಲರ ಮುಂದೆ ಸನ್ಮಾನ ಮಾಡಿಸ್ತೀನಿ.”

“ನೀವು ಇಲ್ಲಿಗೆ ಸೇವೆಗೆ ಬರ್ತೀರಾ? ನಿಮ್ಮ ಫ್ಯಾನು ಬಿಟ್ಟಿ ತಿರುಗುತ್ತಾ? ಕೇಳಿಸದೋರ ಹಕ್ಕು ಮಾತ್ರ ನಿಮಗೆ ದಂಡದ ಖರ್ಚಾಯ್ತಾ?”

ಆದರೂ ಮುಂದಿನ ಸಲ ಅವಳು ಹೋದಳು. ಈ ಸಲ ನ್ಯಾಯಾಧೀಶರೇ ಒಪ್ಪಿದ್ದರಿಂದ ಕಟಕಟೆಯ ಪಕ್ಕದಲ್ಲೇ ನಿಂತಳು. ‘ನ್ಯಾಯಾಲಯ ದುಭಾಷಿಯನ್ನು ಒದಗಿಸಿಲ್ಲ’ ಎಂದು ದಾಖಲೆಯ ಮೊದಲ ಸಾಲಿನಲ್ಲಿ ಬರೆಸಿದ ಮೇಲೇ ಕೈ ಎತ್ತಿದಳು. ಮನೆ ದರ್ಜಿಗೇ ಉಳಿಯಿತು.

ಹುದ್ದೆ ಮಾತ್ರ ಮರಳಿ ಬರಲಿಲ್ಲ. ದುಭಾಷಿಯನ್ನು ಮತ್ತೆ ನೇಮಿಸಿ ಎಂದು ಕಿವಿ ಕೇಳದ ನಲವತ್ತು ಜನ ಸಹಿ ಹಾಕಿ ಕೊಟ್ಟ ಅರ್ಜಿಗೆ ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ‘ಪರಿಶೀಲನೆಯಲ್ಲಿದೆ.’ ದರ್ಜಿಯ ಕೋಣೆಯಲ್ಲಿ ಎಲ್ಲರೂ ಒತ್ತಿಕೊಂಡು ಕೂತು ಕೈಮಾತಿನಕ್ಕನನ್ನೇ ನೋಡುತ್ತಿದ್ದರು. ಆ ಪದಕ್ಕೆ ಯಾವ ಸನ್ನೆ ಮಾಡಬೇಕೋ ಅವಳಿಗೆ ತೋಚಲಿಲ್ಲ. ಕೊನೆಗೆ, ‘ಏನೂ ಮಾಡಿಲ್ಲ’ ಎಂದಳು.

ಮರುದಿನ ಕೋರ್ಟಿನ ಬಾಗಿಲು ತೆಗೆಯುವ ಹೊತ್ತಿಗೆ ನಲವತ್ತು ಜನವೂ ಮೆಟ್ಟಿಲ ಮೇಲೆ ಕೂತಿದ್ದರು. ಔಷಧಿ ಅಂಗಡಿಗೆ ರಜೆ ಹೇಳಿ ಅವಳೂ ಅವರ ನಡುವೆ ಕೂತಳು.