ಕ್ಲಿಯರ್ ಲೇಕ್‌ನಲ್ಲಿ ಒಂದು ಹಾಸಿಗೆ

ನಮ್ಮ ನೆರೆಯ ಅಕ್ಕಾರು ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಕೊನೆಗಾಲ ಕಳೆದದ್ದು ಡಲ್ಲಾಸಿನಿಂದಲೂ ಉತ್ತರಕ್ಕಿರುವ ಒಂದು ನರ್ಸಿಂಗ್ ಹೋಮಿನಲ್ಲಿ, ನನ್ನ ಮನೆಯಿಂದ ಐದು ಗಂಟೆ ಡ್ರೈವ್ ದೂರದಲ್ಲಿ. ಕಳೆಯಬೇಕಾಗಿದ್ದದ್ದು ಇಲ್ಲೇ ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ, ನನ್ನ ಮನೆಯಿಂದ ಏಳು ನಿಮಿಷದ ದಾರಿಯಲ್ಲಿ. ಯಾಕೆ ಹಾಗಾಯಿತು ಅಂತ ಕನ್ನಡ ಸಂಘದಲ್ಲಿ ಯಾರಾದರೂ ಕೇಳಿದರೆ ನಾನು ಸರ್ಕಾರವನ್ನು ಬೈದು ಸುಮ್ಮನಾಗುತ್ತೇನೆ. ಬೈಯುವುದು ಸುಳ್ಳೇನಲ್ಲ. ಆದರೆ ಉಳಿದ ಅರ್ಧವನ್ನು ಎಲ್ಲೂ ಹೇಳಿಲ್ಲ, ಇಲ್ಲಿ ಹೇಳಿಬಿಡುತ್ತೇನೆ.

ನಮ್ಮೂರ ಕಡೆ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್‌ಗೋ ಹೋಗಿ ನಾಲ್ಕು ದಿನ ಇದ್ದು ಬರುವ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ. ಒಬ್ಬರೇ ಎದ್ದು ಬಚ್ಚಲಿಗೆ ಹೋಗಲಾರದವರು, ಮನೆಯಲ್ಲಿ ಎತ್ತಿ ಕೂರಿಸುವವರಿಲ್ಲದವರು ಕೊನೆಯತನಕ ಇರುವ ಜಾಗ ಅದು. ರಿಟೈರ್ ಆಗುವತನಕ ನಾನು ಅಂಥ ಹೋಮುಗಳಿಗೆ ಡಾಕ್ಟರಾಗಿ ಹೋಗಿಬರುತ್ತಿದ್ದೆ. ಅಲ್ಲಿನ ಖರ್ಚು ಸಾಮಾನ್ಯರ ಕೈಗೆ ನಿಲುಕುವಂಥದ್ದಲ್ಲ. ಕೈಯಲ್ಲಿದ್ದದ್ದೆಲ್ಲ ಕರಗಿದ ಮೇಲೆ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆ ಅದನ್ನು ವಹಿಸಿಕೊಳ್ಳುತ್ತದೆ. ಆದರೆ ಯಾವ ಹೋಮಿನಲ್ಲಿ ಎಷ್ಟು ಮೆಡಿಕೇಡ್ ಹಾಸಿಗೆ ಇರಬಹುದು ಎಂಬುದಕ್ಕೆ ಟೆಕ್ಸಸ್‌ನಲ್ಲಿ ಮಿತಿ ಇದೆ. ಕಟ್ಟಡ ಕಟ್ಟಿಸಬಹುದು, ಮಂಚ ತರಿಸಬಹುದು, ಹೊಸ ಬೆಡ್‌ಶೀಟ್ ಹಾಸಬಹುದು. ರಾಜ್ಯದ ರಾಜಧಾನಿ ಆಸ್ಟಿನ್‌ನ ಕಚೇರಿ ಒಪ್ಪದೆ ಅದು ಮೆಡಿಕೇಡ್ ಹಾಸಿಗೆ ಆಗುವುದಿಲ್ಲ.

ಈ ಮಿತಿಯ ಪರವಾಗಿ ಒಂದು ಕಾಲದಲ್ಲಿ ನಾನೇ ಸಹಿ ಹಾಕಿದ್ದೆ. ನಮ್ಮ ಹೋಮಿಗೆ ಎರಡು ಮೈಲಿ ದೂರದಲ್ಲಿ ಯಾರೋ ಹೊಸದೊಂದನ್ನು ಕಟ್ಟಲು ಹೊರಟು, ಹೆಚ್ಚು ಹಾಸಿಗೆ ಬೇಕೆಂದು ಆಸ್ಟಿನ್‌ಗೆ ಅರ್ಜಿ ಹಾಕಿದ್ದರು. ನಮ್ಮ ಮ್ಯಾನೇಜರ್ ಒಂದು ಕಾಗದ ಹಿಡಿದು ಬಂದರು. ಇಲ್ಲಿ ಈಗಿರುವ ಹಾಸಿಗೆಗಳೇ ಸಾಕು, ಇನ್ನಷ್ಟು ಬೇಡ ಎಂಬ ಒಕ್ಕಣೆ. ಮಾತ್ರೆಗಳ ಗಾಡಿಯ ಮೇಲೆ ಕಾಗದ ಇಟ್ಟುಕೊಂಡು, ನಿಂತಲ್ಲೇ ಸಹಿ ಗೀಚಿದೆ. ನಂಬಿಯೇ ಹಾಕಿದ್ದು. ಇರುವ ಮುದುಕರ ಮಗ್ಗುಲು ಬದಲಿಸುವುದಕ್ಕೇ ಕೈಗಳು ಸಾಲದೆ ಬೆನ್ನೆಲ್ಲ ಹುಣ್ಣಾಗುತ್ತಿದ್ದ ಕಾಲ. ಹೊಸ ಹೋಮ್ ಬಂದರೆ ಇದ್ದ ನಾಲ್ಕು ನರ್ಸುಗಳೂ ಅಲ್ಲಿಗೆ ಹೋಗುತ್ತಾರೆ ಎಂಬ ಭಯ. ಆ ಯೋಚನೆ ಪೂರ್ತಿ ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಅರ್ಜಿ ಬಿದ್ದುಹೋಯಿತು. ಆ ಜಾಗದಲ್ಲಿ ಈಗ ಕಾರು ತೊಳೆಯುವ ಅಂಗಡಿ ಇದೆ, ನಾನೂ ಅಲ್ಲೇ ತೊಳೆಸುತ್ತೇನೆ.

ಅಕ್ಕಾರು ಹುಬ್ಬಳ್ಳಿಯವರು. ನನಗಿಂತ ಹತ್ತು ವರ್ಷ ದೊಡ್ಡವರು, ನಮ್ಮ ಬೀದಿಯಲ್ಲೇ ಮೂರು ಮನೆ ಆಚೆ ಇದ್ದರು. ಅವರ ಯಜಮಾನರು ಫರ್ನಿಚರ್ ಅಂಗಡಿ ನಡೆಸುತ್ತಿದ್ದರು. ಒಂದು ಚಂಡಮಾರುತದ ನೀರು ಅಂಗಡಿಗೆ ನುಗ್ಗಿ ಕೂಡಿಟ್ಟದ್ದೆಲ್ಲ ಹೋಯಿತು, ಮುಂದೆ ಸ್ವಲ್ಪ ದಿನಕ್ಕೆ ಅವರೂ ಹೋದರು. ಒಬ್ಬಳೇ ಮಗಳು ಆಸ್ಟಿನ್ ಹತ್ತಿರ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ನಾನು ಮೈಸೂರಿನವಳು. ಮೂವತ್ತು ವರ್ಷದ ಒಡನಾಟದಲ್ಲಿ ನಾನು ಎಷ್ಟು ಗೋಗರೆದರೂ ಅವರು ನನ್ನನ್ನು ಏಕವಚನದಲ್ಲಿ ಕರೆಯಲಿಲ್ಲ. "ಡಾಕ್ಟ್ರ, ಬರ್ರಿ, ಕುಂಡ್ರಿ" ಎನ್ನುವ ಉಪಚಾರ ಕೊನೆಯತನಕ ಬಿಡಲಿಲ್ಲ.

ಉಪಚಾರವೆಂದರೆ ಅವರದೇ. ಅವರ ಮನೆಯಲ್ಲಿ ಊಟಕ್ಕೆ ಕೂತರೆ ಹೋಳಿಗೆ ಸಾಕು ಅಂದರೆ ಸಾಕಾಗುತ್ತಿರಲಿಲ್ಲ. ಮೂರನೆಯ ಸಲ ಎಲೆಗೆ ಅಡ್ಡ ಕೈ ಹಿಡಿದಾಗಲೂ ಬೆರಳ ಸಂದಿಯಿಂದ ತುಪ್ಪ ಬೀಳುತ್ತಿತ್ತು. ಅದೇ ಅಕ್ಕಾರು ನಮ್ಮ ಮನೆಗೆ ಬಂದರೆ ನೀರನ್ನೂ ಬೇಡ ಅನ್ನುವರು. "ಕಾಫಿ?" "ಬ್ಯಾಡ್ರೀ, ಈಗ ಕುಡಿದೇ ಬಂದೀನಿ." "ಒಂದು ಅರ್ಧ ಲೋಟ?" "ಯಾಕ ತ್ರಾಸು ತಗೋತೀರಿ." "ಅಕ್ಕಾ, ಡಿಕಾಕ್ಷನ್ ಹಾಕಾಯ್ತು." "ಹಂಗಾದ್ರ ಒಂದ ಗುಟುಕು ಕೊಡ್ರಿ." ಆಮೇಲೆ ಲೋಟ ತುಂಬ ಕುಡಿಯುವರು. ಒಂದು ದಿನ ನನಗೆ ರೇಗಿ, "ಅಕ್ಕಾ, ಮೊದಲೇ ಹೂಂ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದೆ. ಅವರು ನಕ್ಕರು. "ಒಂದ ಸಲಾ ಕೇಳಿದ್ರ ಅದು ಕೇಳಿದಂಗ ಏನ್ರಿ ಡಾಕ್ಟ್ರ?"

ಎರಡು ವರ್ಷದ ಹಿಂದೆ ಅವರು ಗ್ಯಾರೇಜಿನ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ರಿಹ್ಯಾಬ್ ಸೆಂಟರಿನಲ್ಲಿ ವಾರಗಟ್ಟಲೆ ನಡೆಸಿ ನೋಡಿದರು. ಕಾಲು ನಿಲ್ಲಲಿಲ್ಲ. ಮಂಚದಿಂದ ಕುರ್ಚಿಗೆ ಕೂರಿಸಲು ಇಬ್ಬರು ಬೇಕು. ರಿಹ್ಯಾಬಿನವರು ಇನ್ನು ಜಾಗ ನೋಡಿಕೊಳ್ಳಿ ಅಂದರು. ಮಗಳದು ಶಿಫ್ಟ್ ಕೆಲಸ, ಮಹಡಿ ಮೇಲಿನ ಅಪಾರ್ಟ್‌ಮೆಂಟು. ಆಸ್ಟಿನ್ ಸುತ್ತಮುತ್ತ ವಿಚಾರಿಸಿದಲ್ಲೆಲ್ಲ ಮೆಡಿಕೇಡ್ ಹಾಸಿಗೆಗೆ ಕ್ಯೂ. ಆಗ ಅಕ್ಕಾರು ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ನನ್ನನ್ನು ಒಂದು ಕೇಳಿದರು. ನನ್ನ ಮುಖ ನೋಡದೆ, ಹೊದಿಕೆಯ ಅಂಚು ಮಡಿಸುತ್ತ ಕೇಳಿದರು. "ಇಲ್ಲೇ ಕ್ಲಿಯರ್ ಲೇಕ್‌ನ್ಯಾಗ ಎಲ್ಲ್ಯರ ಆಗ್ತದೇನು ನೋಡ್ರಿ. ನೀವು ಹತ್ರ ಇದ್ರ ಕನ್ನಡದಾಗ ಎರಡ ಮಾತು, ಒಂದ ತುತ್ತ ರೊಟ್ಟಿ ಸಿಗ್ತದ."

ನಾನು ಜಂಬದಿಂದ "ಅದೇನು ದೊಡ್ಡ ವಿಷಯ, ನಾನು ಕೆಲಸ ಮಾಡಿದ ಜಾಗ" ಎಂದುಬಿಟ್ಟೆ. ಮಾರನೆಯ ದಿನ ಹಳೆಯ ಹೋಮಿಗೆ ಹೋದೆ. ಹಳಬರು ಯಾರೂ ಇರಲಿಲ್ಲ. ದಾಖಲಾತಿ ನೋಡಿಕೊಳ್ಳುವ ಹುಡುಗಿ ಬಹಳ ಮರ್ಯಾದೆಯಿಂದ ಕಾರಿಡಾರ್ ತೋರಿಸಿಕೊಂಡು ಬಂದಳು. ಒಂದರ ಪಕ್ಕ ಒಂದು ನಾಲ್ಕು ಕೋಣೆ ಖಾಲಿ, ದಿಂಬಿನ ಸಮೇತ ಸಜ್ಜಾದ ಹಾಸಿಗೆಗಳು. "ಇಷ್ಟೊಂದು ಖಾಲಿ ಇದೆಯಲ್ಲಮ್ಮಾ?" ಎಂದೆ. ಅವು ಕೈಯಿಂದ ದುಡ್ಡು ಕೊಡುವವರಿಗೆ, ಮೆಡಿಕೇಡ್ ಲೆಕ್ಕದವೆಲ್ಲ ತುಂಬಿವೆ, ರಾಜ್ಯ ಕೊಟ್ಟಿರುವುದೇ ಅಷ್ಟು ಅಂದಳು. ನನ್ನ ಸಿಟ್ಟು ನೆತ್ತಿಗೇರಿತು. "ಯಾವ ಪುಣ್ಯಾತ್ಮರು ಮಾಡಿದ ರೂಲು ಇದು!" ಎಂದು ಕನ್ನಡದಲ್ಲೇ ಗೊಣಗಿದೆ. ಗೊಣಗಿದ ಮರುಕ್ಷಣ ಮಾತ್ರೆ ಗಾಡಿಯ ಮೇಲಿನ ಆ ಕಾಗದ ನೆನಪಾಯಿತು. ಅಕ್ಕಾರ ಹೆಸರನ್ನು ಪಟ್ಟಿಯಲ್ಲಿ ಬರೆಸಿ, ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಅದೃಷ್ಟಕ್ಕೆ ಮೂರು ವಾರದಲ್ಲೇ ಒಂದು ಹಾಸಿಗೆ ತೆರವಾಯಿತು. ತೆರವಾಯಿತು ಎಂದರೆ ಯಾರೋ ತೀರಿಕೊಂಡರು ಅಂತ ಅರ್ಥ. ಹೋಮಿನಿಂದ ಫೋನ್ ಬಂತು: ನಾಳೆ ಬೆಳಿಗ್ಗೆ ಬಂದು ಪೇಷಂಟನ್ನು ಕಂಡು ಮಾತಾಡುತ್ತೇವೆ, ಅವರು ಒಪ್ಪಿದರೆ ಹಾಸಿಗೆ ಅವರದು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಮಗಳು ರಜೆ ಹಾಕಿ ಬಂದಳು. ನಾನು ಅಕ್ಕಾರ ಜಡೆ ಹಾಕಿ, ಹಣೆಗಿಟ್ಟು, ಒಳ್ಳೆ ಶಾಲು ಹೊದಿಸಿದೆ. ಅವತ್ತು ನನ್ನ ಮೂಡೂ ಅಷ್ಟು ಚೆನ್ನಾಗಿರಲಿಲ್ಲ. ಜಡೆ ಹಾಕುವಾಗ ಅವರು ಹತ್ತು ಸಲ "ನಿಮಗ ತ್ರಾಸು, ನಿಮಗ ತ್ರಾಸು" ಅಂದಿದ್ದಕ್ಕೆ, "ಹೌದು ತ್ರಾಸೇ, ಈಗ ಸುಮ್ನಿರ್ತೀರಾ?" ಎಂದು ಗದರಿದ್ದೆ.

ಅದೇ ಹುಡುಗಿ ಫೈಲ್ ಹಿಡಿದು ಬಂದಳು. ನನ್ನನ್ನಲ್ಲ, ಮಗಳನ್ನೂ ಅಲ್ಲ, ನೇರ ಅಕ್ಕಾರ ಎದುರು ಬಗ್ಗಿ ಕೂತು ಅವರನ್ನೇ ಕೇಳಿದಳು. ನಮ್ಮಲ್ಲಿ ಒಂದು ಹಾಸಿಗೆ ಇದೆ, ನೀವು ಬಂದಿರಲು ಇಷ್ಟವೇ? ಅಕ್ಕಾರು ಅವಳ ಕೈ ಹಿಡಿದು ನಕ್ಕರು. "ನೋ, ನೋ. ವೈ ಟ್ರಬಲ್? ಪ್ಲೀಸ್, ಗಿವ್ ಸಮ್‌ಬಡಿ."

ಹುಡುಗಿ ನನ್ನತ್ತ ನೋಡಿದಳು. ನನಗೆ ಆ ನೋ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ಅದಕ್ಕೆ ಕಾಫಿ ಸುರಿದಿದ್ದೆ. ಬಾಯಿ ಬಿಟ್ಟು "ಇನ್ನೊಂದು ಸಲ ಕೇಳಮ್ಮಾ" ಅಂದಿದ್ದರೆ ಆಗುತ್ತಿತ್ತು. ಯಾಕೆ ಅನ್ನಲಿಲ್ಲ? ಡಾಕ್ಟರಾಗಿ ನಾನೇ ಎಷ್ಟೋ ಮಕ್ಕಳನ್ನು, ಸೊಸೆಯಂದಿರನ್ನು ಗದರಿಸಿದ್ದೆ, ಪೇಷಂಟ್ ಮಾತಾಡಲಿ, ನೀವು ಅವರ ಪರವಾಗಿ ಉತ್ತರ ಕೊಡಬೇಡಿ ಎಂದು. ಅದು ಒಂದು ಕಾರಣ, ಹೇಳಿಕೊಳ್ಳಲು ಗೌರವದ್ದು. ಇನ್ನೊಂದು, ಅವಳು ಹೇಗೂ ಇನ್ನೊಮ್ಮೆ ಕೇಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅಕ್ಕಾರೂ ಅದಕ್ಕೇ ಕಾಯುತ್ತಿದ್ದರು. ಐವತ್ತು ವರ್ಷ ಈ ದೇಶದ ಅನ್ನ ತಿಂದ ಇಬ್ಬರು ಹೆಂಗಸರು ಎರಡನೆಯ ಪ್ರಶ್ನೆಗೆ ಕಾಯುತ್ತ ಕೂತೆವು. ಹುಡುಗಿ ಪೆನ್ನಿನಿಂದ ಏನೋ ಗುರುತು ಹಾಕಿ, ಥ್ಯಾಂಕ್ಯೂ ಹೇಳಿ, ಎದ್ದು ಹೋದಳು.

ಮೂರನೆಯ ಕಾರಣವೂ ಇದೆ. ದಿನಾ ರೊಟ್ಟಿ ಕಟ್ಟಿಕೊಂಡು ಹೋಗಬೇಕಲ್ಲ ಎಂಬ ಲೆಕ್ಕ ಒಂದು ಗಳಿಗೆ ತಲೆಯಲ್ಲಿ ಹಾದುಹೋಯಿತು. ಥೂ, ಬರೆಯುವಾಗಲೂ ನಾಚಿಕೆಯಾಗುತ್ತದೆ.

ಕಾರಿಡಾರಿನಲ್ಲಿ ಮಗಳಿಗೆ ಹೇಳಿದೆ, "ನಿಮ್ಮಮ್ಮಂಗೆ ಬೇಕು ಕಣೇ. ಅವರು ಹಾಗೇ ಅನ್ನೋದು." ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. "ಬಟ್ ಶಿ ಸೇಡ್ ನೋ, ಆಂಟಿ. ಇಟ್ಸ್ ಹರ್ ಚಾಯ್ಸ್." ಅವಳ ತಪ್ಪಲ್ಲ. ಒಳಗೆ ಹೋದರೆ ಅಕ್ಕಾರು ಬಾಗಿಲನ್ನೇ ನೋಡುತ್ತಿದ್ದರು. "ಆ ಹುಡುಗಿ ಮತ್ತ ಯಾವಾಗ ಬರ್ತಾಳಂತ್ರಿ?" ಎಂದು ಕೇಳಿದರು. ಓಡಿಹೋಗಿ ಫೋನ್ ಮಾಡಿದೆ, ಒಂದಲ್ಲ, ನಾಲ್ಕು ಸಲ. ಸಂಜೆ ಉತ್ತರ ಬಂತು: ಪಟ್ಟಿಯ ಮುಂದಿನವರು ಒಪ್ಪಿಬಿಟ್ಟಿದ್ದಾರೆ, ಸದ್ಯಕ್ಕೆ ಇನ್ಯಾವುದೂ ಇಲ್ಲ. ಆ ನಾಲ್ಕು ಕೋಣೆಗಳು ಆಗಲೂ ಖಾಲಿಯೇ ಇದ್ದವು.

ರಿಹ್ಯಾಬಿನ ಗಡುವು ಮುಗಿಯುವ ಹೊತ್ತಿಗೆ ಸಿಕ್ಕಿದ್ದು ಡಲ್ಲಾಸಿನ ಉತ್ತರದ ಆ ಜಾಗ. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಚೊಕ್ಕಟವಾದ ಜಾಗ, ಕೆಲಸದವರು ಒಳ್ಳೆಯವರು, ಅಲ್ಲಿ ದೂರಲು ಏನೂ ಇರಲಿಲ್ಲ. ಆದರೆ ಎರಡನೆಯ ಸಲ ಹೋದಾಗ ಅಕ್ಕಾರ ಬಳೆ ಮೊಣಕೈತನಕ ಜಾರುತ್ತಿತ್ತು. ಮಗಳ ಒಪ್ಪಿಗೆ ಪಡೆದು ಚಾರ್ಟ್ ತರಿಸಿ ನೋಡಿದೆ. ತಿಂಡಿ ಬೇಡ ಅಂದರು. ಹಾಲು ಬೇಡ ಅಂದರು. ಊಟ ಬೇಡ ಅಂದರು. ಪುಟಗಟ್ಟಲೆ ಅದೇ. ತಟ್ಟೆ ತಂದವರು ಒಮ್ಮೆ ಕೇಳುತ್ತಾರೆ, ಇವರು ನಕ್ಕು ನೋ ಥ್ಯಾಂಕ್ಯೂ ಅನ್ನುತ್ತಾರೆ, ಅವರು ಗೌರವದಿಂದ ತಟ್ಟೆ ತೆಗೆದುಕೊಂಡು ಹೋಗುತ್ತಾರೆ. ಎಷ್ಟು ಒಳ್ಳೆ ಪೇಷಂಟ್, ಏನೂ ತೊಂದರೆ ಕೊಡುವುದಿಲ್ಲ ಎಂದು ನರ್ಸ್ ನನ್ನ ಹತ್ತಿರ ಹೊಗಳಿದಳು.

ಬ್ಯಾಗಿನಿಂದ ಒಂದು ಹಾಳೆ ತೆಗೆದು ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ದಯವಿಟ್ಟು ಇವರನ್ನು ಮೂರು ಸಲ ಕೇಳಿ. ಅವರ ತಲೆಯ ಮೇಲಿನ ಗೋಡೆಗೆ ಟೇಪ್ ಹಚ್ಚಿ ಅಂಟಿಸಿದೆ. ಊಟ ತರುವ ಮೆಕ್ಸಿಕನ್ ಹೆಂಗಸು ಅದನ್ನು ಓದಿ ಜೋರಾಗಿ ನಕ್ಕಳು, ನಮ್ಮ ಅಜ್ಜಿಯೂ ಹೀಗೇ ಅಂದಳು. ಮೂರು ಸಲ ಕೇಳಿದಳು. ಅಕ್ಕಾರು ಇಡೀ ತಟ್ಟೆ ತಿಂದರು. ಅವಳು ಡ್ಯೂಟಿಯಲ್ಲಿದ್ದ ದಿನವೆಲ್ಲ ತಿನ್ನುತ್ತಿದ್ದರಂತೆ.

ಕೊನೆಯ ಸಲ ನೋಡಿದ್ದು ಸಂಕ್ರಾಂತಿ ಕಳೆದ ವಾರ. ಎಳ್ಳುಬೆಲ್ಲ, ಸಜ್ಜೆರೊಟ್ಟಿ ಒಯ್ದಿದ್ದೆ. ಒತ್ತಾಯ ಮಾಡಿ ತಿನ್ನಿಸಿದೆ. ತಿಂದು ಕೈ ಒರೆಸಿಕೊಂಡು ಕಿಟಕಿಯ ಆಚೆಗಿನ ಪಾರ್ಕಿಂಗ್ ಲಾಟ್ ನೋಡುತ್ತ, "ಇಲ್ಲಿ ಮಾತಾಡಾಕ ಯಾರೂ ಇಲ್ರಿ ಡಾಕ್ಟ್ರ" ಎಂದರು. ಅಷ್ಟೇ ಅಂದದ್ದು. ನನ್ನ ಕಣ್ಣು ತುಂಬಿತು. ನಮ್ಮ ಮನೆಯಲ್ಲಿ ಕೆಳಗಿನ ಕೋಣೆ ಖಾಲಿಯೇ ಇದೆ. ದಿನಕ್ಕೆ ಎರಡು ಹೊತ್ತು ಯಾರನ್ನಾದರೂ ಗೊತ್ತುಮಾಡಿಕೊಂಡರೆ, ನಾನೂ ನನ್ನ ಗಂಡನೂ ಸೇರಿಕೊಂಡರೆ, ಕಷ್ಟವಾಗುತ್ತಿತ್ತು, ಆದರೆ ಆಗುತ್ತಿತ್ತು. ಅದಕ್ಕೆ ಆಸ್ಟಿನ್‌ನ ಒಪ್ಪಿಗೆ ಬೇಕಿರಲಿಲ್ಲ.

"ಅಕ್ಕಾ, ನಮ್ಮನೆಗೇ ಬಂದುಬಿಡಿ" ಎಂದೆ.

ಅವರು ನನ್ನತ್ತ ತಿರುಗಿದರು. ಮುಖ ಅರಳಿದ್ದನ್ನು ನಾನು ನೋಡಿದೆ. "ಬ್ಯಾಡ್ರೀ" ಎಂದರು. "ನಿಮಗ್ಯಾಕ ತ್ರಾಸು."

ಅವರ ತಲೆಯ ಮೇಲೆ ಗೋಡೆಯಲ್ಲಿ ನನ್ನದೇ ಕೈಬರಹದ ಹಾಳೆ ಇತ್ತು. ನಾನು ಅವರ ಹೊದಿಕೆ ಸರಿಮಾಡಿದೆ, ಖಾಲಿ ಡಬ್ಬಿ ಬ್ಯಾಗಿಗೆ ಹಾಕಿಕೊಂಡೆ. "ಸರಿ ಅಕ್ಕಾ, ಮುಂದಿನ ತಿಂಗಳು ಬರ್ತೀನಿ" ಎಂದು ಹೇಳಿ ಕಾರಿನ ಕೀ ತೆಗೆದುಕೊಂಡೆ.